ಖರ್ಚಾದ ಮಾತುಗಳು

ಬೆಳಗಿನ ಪ್ಯಾಸೆಂಜರ್ ರೈಲು ಬ್ಯಾಡಗಿ ಸ್ಟೇಶನ್ನಿನಲ್ಲಿ ಪೂರ್ತಿ ನಿಲ್ಲುವ ಮೊದಲೇ ಅವರು ಹತ್ತಿಬಿಡುತ್ತಿದ್ದರು. ಹಾವೇರಿಯಲ್ಲೇ ಹತ್ತಿರುತ್ತಿದ್ದ ನಾನು ಕಿಟಕಿಯ ಪಕ್ಕ ಅವರಿಗೆಂದು ಕರವಸ್ತ್ರ ಹಾಸಿ ಜಾಗ ಹಿಡಿದಿರುತ್ತಿದ್ದೆ. ಆ ಜಾಗದಲ್ಲಿ ತಮ್ಮ ಬ್ಯಾಗನ್ನು ಕೂರಿಸಿ ಅವರು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೋಗಿಯ ಆ ತುದಿ, ಮತ್ತೆ ಈ ತುದಿ. ದೇವರಗುಡ್ಡ ದಾಟುವಷ್ಟರಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಡಬ್ಬಿಯಲ್ಲಿ ಇವತ್ತು ಯಾವ ಪಲ್ಯ ಎಂಬುದೆಲ್ಲ ಅವರಿಗೆ ತಿಳಿದಿರುತ್ತಿತ್ತು.

"ಒಂದೀಟು ಕುಂದರ್ರಿ ಅಕ್ಕಾರ" ಎಂದರೆ, "ಕುಂತ್ರ ನನ್ನ ತಲಿನೂ ಕುಂದರತೈತಿ ತಂಗಿ" ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರೆಂದು ಫೋನ್ ಬಂತು. ಮಾಡಿದವರು ರಾಣೆಬೆನ್ನೂರಿನಲ್ಲಿ ನಾವಿಬ್ಬರೂ ಕಲಿಸುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಮಾಲಕರು. ಹೃದಯಾಘಾತವಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತಂತೆ. ಮಾಲಕರು, "ಏನೇನೋ ಮಾಡಾಕ ಹೊಂಟಿದ್ರು ಮೇಡಂ. ಒಂದೂ ಪೂರಾ ಮಾಡ್ಲಿಲ್ಲ ನೋಡ್ರಿ" ಎಂದರು. ಪ್ರೀತಿಯಿಂದಲೇ ಅಂದ ಮಾತು, ಆದರೂ ನನಗೆ ಸೇರಲಿಲ್ಲ. ಅವರು ಪೂರಾ ಮಾಡಿದ ಒಂದು ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮುಗಿಸುವಾಗ ಅವರು ಪಟ್ಟ ಸಂಕಟವನ್ನೂ ಕಂಡಿದ್ದೇನೆ.

ಅದು ಊರೂರಲ್ಲೂ ಕಂಪ್ಯೂಟರ್ ಕ್ಲಾಸುಗಳು ಹುಟ್ಟಿಕೊಂಡಿದ್ದ ಕಾಲ. ನಮ್ಮ ಕ್ಲಾಸು ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಅವರು ಲೆಕ್ಕಪತ್ರದ ಪ್ರೋಗ್ರಾಮು ಮತ್ತು ಸಿ ಭಾಷೆ ಕಲಿಸುತ್ತಿದ್ದರು. ನಾನು ಡಿಟಿಪಿ ಕಲಿಸುತ್ತಿದ್ದೆ, ಜೊತೆಗೆ ಪ್ರೆಸ್ಸುಗಳಿಗೆ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದೆ. ಅವರಿಗಾಗ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಆ ವಿಷಯವನ್ನು ಯಾರಾದರೂ ತೆಗೆದರೆ, "ನನ್ನ ಹಿಂದ ಅಡ್ಡಾಡಾಕ ಆಗೂ ಕಾಲಿರೋ ಗಂಡ ಸಿಗಬೇಕಲ್ರಿ" ಎಂದು ಮುಗಿಸುತ್ತಿದ್ದರು. ಪಾಠವನ್ನೂ ನಡೆದಾಡುತ್ತಲೇ ಮಾಡುತ್ತಿದ್ದರು. ಹುಡುಗರು ತಪ್ಪು ಬರೆದರೆ ಹಿಂದಿನಿಂದ ಬಂದು ಪರದೆಯ ಮೇಲೆ ಬೆರಳಿನಿಂದ ಟಕ್ ಎಂದು ಬಡಿಯುತ್ತಿದ್ದರು. ಎಲ್ಲ ಪರದೆಗಳ ಮೇಲೂ ಅವರ ಬೆರಳಿನ ಗುರುತುಗಳಿದ್ದವು. ಸೋಮವಾರ ಬಂದರೆ ಮೇಜುಗಳ ಜಾಗ ಬದಲಾಗಿರುತ್ತಿತ್ತು. ವೈರು ಎಳೆದು ಎಳೆದು ಮಾಲಕರಿಗೆ ಸಾಕಾಗಿತ್ತು.

ಒಮ್ಮೆ ವಿದ್ಯಾರ್ಥಿಯೊಬ್ಬ ಆಟದ ಸೀಡಿ ತಂದ. ಆಡುವವನೇ ಮಾಂತ್ರಿಕನಾಗಿ ಊರೂರು ಅಲೆದು, ಮಂದಿಯ ಜೊತೆ ಮಾತಾಡಿ, ಮಂತ್ರ ಹಾಕಿ ರಾಕ್ಷಸರನ್ನು ಗೆಲ್ಲುವ ಆಟ. ಅವರು ಮಧ್ಯಾಹ್ನದ ಊಟ ಬಿಟ್ಟು ಅದನ್ನು ಆಡತೊಡಗಿದರು. ಆಡುವುದಕ್ಕಿಂತ ಅದನ್ನು ಬೈಯುವುದೇ ಹೆಚ್ಚು.

"ಇದೇನು ಮಂತ್ರ ಆತೇನು ತಂಗಿ? ಗುಂಡಿ ಒತ್ತಿದ್ರ ಬೆಂಕಿ ಬರತೈತಿ. ಇಲ್ಲಿ ನೋಡು, ಈ ನೀಲಿ ಗೆರಿ ಸ್ವಲ್ಪ ಸಣ್ಣದಾತು. ಸುಮ್ನ ನಿಂತ್ರ ಮತ್ತ ತುಂಬತೈತಿ. ಮಂತ್ರ ಅಂದ್ರ ಮಾತು. ಮಾತು ಇಷ್ಟು ಸಸ್ತಾ ಐತೇನು?"

ಇಂಟರ್‌ನೆಟ್ಟಿನಲ್ಲಿ ಇಂಥ ಆಟ ಆಡುವವರೆಲ್ಲ ಸೇರಿ ಹರಟುವ ಒಂದು ತಾಣವಿತ್ತು. ಅಲ್ಲಿ ಹೈದರಾಬಾದಿನ ಒಂದು ಸಣ್ಣ ಕಂಪನಿಯವರು, ತಾವು ಇಂಥದೇ ಆಟ ಮಾಡುತ್ತಿದ್ದೇವೆ, ಮಂತ್ರ ಹಾಕುವುದಕ್ಕೆ ಹೊಸದೊಂದು ರೀತಿ ಇದ್ದರೆ ತಿಳಿಸಿ ಎಂದು ಬರೆದಿದ್ದರು. ಅಕ್ಕಾರು ಅದನ್ನು ನನಗೆ ತೋರಿಸಿದ ದಿನ ಕ್ಲಾಸಿನ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದರೋ. ಕೊನೆಗೆ ನನ್ನ ಮೇಜಿನ ಮೇಲಿದ್ದ, ಅಚ್ಚು ಕೆಟ್ಟ ಲಗ್ನಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡು, ಕತ್ತರಿ ತೆಗೆದುಕೊಂಡು, ಅವುಗಳನ್ನು ಇಸ್ಪೀಟಿನಂಥ ಸಣ್ಣ ಸಣ್ಣ ಎಲೆಗಳಾಗಿ ಕತ್ತರಿಸತೊಡಗಿದರು.

ಅವರ ಆಟ ಹೀಗಿತ್ತು. ಪ್ರತಿ ಎಲೆಯ ಹಿಂದೆ ಒಂದು ಮಾತು: ಬೆಂಕಿ, ನೀರು, ಬಾಗಿಲು, ಮಳೆ, ಕಲ್ಲು, ತಾಯಿ. ಮಾಂತ್ರಿಕ ಒಂದು ಮಾತನ್ನು ಮಂತ್ರವಾಗಿ ಬಳಸಿದರೆ ಆ ಎಲೆ ಬೋರಲಾಯಿತು. ಆಮೇಲೆ ಆ ಮಾತು ಅವನಿಗಿಲ್ಲ. ಮಂತ್ರಕ್ಕೂ ಇಲ್ಲ, ಮಂದಿಯ ಜೊತೆ ಆಡುವುದಕ್ಕೂ ಇಲ್ಲ. ಕೋಟೆಯ ಬಾಗಿಲು ತೆರೆಯಲು 'ಬಾಗಿಲು' ಖರ್ಚು ಮಾಡಿದವನು ಸಂಜೆ ಛತ್ರದ ಮುಂದೆ ನಿಂತು ಬೇರೆ ಏನಾದರೂ ಹೇಳಬೇಕು. 'ನೀರು' ಹೋದವನು 'ಮಳೆ' ಬಳಸಬಹುದು; ಆದರೆ ಮಳೆ ಬಂದರೆ ತಾನು ಹಚ್ಚಿದ ಒಲೆಯೂ ಆರುತ್ತದೆ. ಮಾತು ಕಡಿಮೆಯಾದಷ್ಟೂ ದಾರಿ ಸುತ್ತು, ದಾರಿ ಸುತ್ತಾದಷ್ಟೂ ಆಟಕ್ಕೆ ರುಚಿ.

ಮೊದಲು ಆಡಿದ್ದು ರೈಲಿನಲ್ಲಿ, ದಿನಾ ನಮ್ಮ ಜೊತೆ ಬರುತ್ತಿದ್ದವರೊಡನೆ. ಒಬ್ಬ ವಿಮೆ ಏಜೆಂಟರಿದ್ದರು, ದಪ್ಪ ಕನ್ನಡಕದವರು. ಒಂದು ದಿನ ಅವರು ರಾಕ್ಷಸನನ್ನು ಕೊಲ್ಲಲು 'ಸಾವು' ಎಂಬ ಎಲೆಯನ್ನು ಹಾಕಿ ಗೆದ್ದು ಬೀಗಿದರು. ರಾಣೆಬೆನ್ನೂರಲ್ಲಿ ಇಳಿಯುವಾಗ ನಮ್ಮ ಅಕ್ಕಾರು ಅವರ ದಾರಿಗೆ ಅಡ್ಡ ನಿಂತು, "ಇವತ್ತ ದಿನಪೂರ್ತಿ ಆ ಮಾತು ಆಡಂಗಿಲ್ಲ ನೋಡ್ರಿ, ನೇಮ ಅಂದ್ರ ನೇಮ" ಎಂದರು. ಮರುದಿನ ಏಜೆಂಟರು ರೈಲಿನಲ್ಲಿ ಕೈ ಮುಗಿದರು. "ಮೇಡಮ್ಮಾರ, ಹಲಗೇರಿ ಗೌಡ್ರ ಮುಂದ ಅರ್ಧಾ ತಾಸು ಕುಂತೇನ್ರಿ. 'ನೀವು ಇಲ್ಲದಾಗ' ಅಂದೆ, 'ಊರಿಗೆ ಹೋದಾಗೇನು' ಅಂದ್ರು. 'ದೊಡ್ಡ ಊರಿಗೆ ಹೋದಾಗ' ಅಂದೆ, 'ಬೆಂಗ್ಳೂರಿಗೇನು' ಅಂದ್ರು." ಬೋಗಿಯೆಲ್ಲ ನಕ್ಕಿತು. ಅಕ್ಕಾರು ಮಾತ್ರ ನಗದೆ, "ಆಮ್ಯಾಲೆ ಹೆಂಗ ತಿಳಿಸಿದ್ರಿ? ಯಾವ ಮಾತು ಹಚ್ಚಿದ್ರಿ?" ಎಂದು ಏಜೆಂಟರನ್ನು ಬೆನ್ನು ಹತ್ತಿದರು. ಮುಖದ ಮೇಲೆ ಒಂಥರಾ ಹಸಿವೆ. ಅದು ಆಟದ ಉತ್ಸಾಹ ಅಂದುಕೊಂಡಿದ್ದೆ.

ಅದರ ಮೂಲ ನನಗೆ ತಿಳಿದದ್ದು ಬ್ಯಾಡಗಿಯ ಅವರ ಮನೆಗೆ ಮೊದಲ ಸಲ ಹೋದಾಗ. ರವಿವಾರ ಮಧ್ಯಾಹ್ನ. ಓಣಿಗೆ ಕಾಲಿಡುತ್ತಲೇ ಮೆಣಸಿನಕಾಯಿ ಘಾಟಿಗೆ ನನಗೆ ಸೀನು ಶುರುವಾಗಿ, ಪಡಸಾಲೆಯಲ್ಲಿ ಕೂತರೂ ನಿಲ್ಲಲಿಲ್ಲ. ಅಲ್ಲಿ ಮಂಚದ ಮೇಲೆ ಅವರ ತಂದೆ ಕೂತಿದ್ದರು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವರು. ಮಾತಿನಲ್ಲೇ ಬದುಕು ಕಟ್ಟಿದವರು. ಅವರು ಅಂಗಡಿ ಮುಂದೆ ನಿಂತು ಮಾತಿಗೆ ಶುರುವಿಟ್ಟರೆ ಬೇರೆ ಕಡೆ ಹೊರಟ ರೈತನ ಬಂಡಿಯೂ ನಿಲ್ಲುತ್ತಿತ್ತಂತೆ. ಲಕ್ವಾ ಹೊಡೆದ ಮೇಲೆ ಆ ಮಾತೆಲ್ಲ ಹೋಗಿ ಬೆರಳೆಣಿಕೆಯಷ್ಟು ಉಳಿದಿದ್ದವು. ಎದುರಿನವರು ಆಡಿದ್ದು ತಿಳಿಯುತ್ತಿತ್ತು. ತಾವು ಆಡಲು ಹೋದರೆ ಬೇಕಾದ ಮಾತು ಸಿಗುತ್ತಿರಲಿಲ್ಲ.

ನಾನು ಸೀನುವುದನ್ನು ನೋಡಿ ಅವರು ಎಡಗೈ ಎತ್ತಿ ಒಳಗೆ ತೋರಿಸಿ, "ಬಾವಿ" ಎಂದರು.

ಅಡಿಗೆಮನೆಯ ಬಾಗಿಲಲ್ಲಿದ್ದ ತಾಯಿ, "ನೀರು ಕೊಡು ಅನ್ನಾಕತ್ತಾರ" ಎಂದು ತಿರುಗಿದರು.

"ಯವ್ವಾ, ನೀ ಹೇಳಬ್ಯಾಡ. ಅವರ ಹೇಳ್ಲಿ." ಮಗಳು ತಂದೆಯ ಮುಂದೆ ಬಗ್ಗಿ ನಿಂತರು. "ಹೇಳ್ರಿ ಅಪ್ಪಾರ. ಯಾರಿಗೆ, ಏನು?"

ಮುದುಕರ ಹಣೆ ಬೆವರಿತು. "ಬಾವಿ. ಈಕಿ. ಕೈ... ಈಕಿ ಕೈ." ಖಾಲಿ ಎಡಗೈಯನ್ನು ಲೋಟ ಹಿಡಿದಂತೆ ನನ್ನ ಕಡೆ ಚಾಚಿದರು. "ಬಾವಿ, ಈಕಿ ಕೈಯಾಗ."

ಮಗಳ ಮುಖ ಅರಳಿತು. ನನ್ನ ಕಡೆ ತಿರುಗಿ, "ಕೇಳಿದೇನು? ಒಂದು ಮಾತಿಲ್ಲ ಅಂದ್ರ ಎಷ್ಟು ಸುತ್ತಿ ಬಂದ್ರು ನೋಡು" ಎಂದರು. ಅಷ್ಟರಲ್ಲಿ ತಾಯಿ ತಂಬಿಗೆ ತಂದು ನನ್ನ ಮುಂದೆ ಕುಕ್ಕಿದರು.

"ಮನಿಗೆ ಬಂದವರಿಗೆ ನೀರು ಕೊಡೂದ್ರಾಗೂ ನಿಂದು ಆಟೇನು? ಅವರ ಬಾಯಾಗಿನ ಮಾತು ನಾ ಆಡಿದ್ರ ನಿಂದೇನು ಹೊಕ್ಕತಿ?"

"ಡಾಕ್ಟರ್ ಹೇಳ್ಯಾರಲ್ಲಬೇ, ಅವರ ಹುಡಿಕ್ಯಾಡ್ಲಿ ಅಂತ."

"ಡಾಕ್ಟರ್ ಹುಬ್ಬಳ್ಯಾಗ ಅದಾನ. ಇಲ್ಲಿ ಇವರ ಮಾರಿ ನೋಡಾಕಿ ನಾನು."

ಇಬ್ಬರದೂ ಸುಳ್ಳಲ್ಲ ಎನಿಸಿತು ನನಗೆ. ಹುಡುಕಿ ತೆಗೆದ ಮಾತು ಉಳಿಯುತ್ತದೆಂಬ ಆಸೆ ಮಗಳದು. ಹುಡುಕುವಾಗ ಗಂಡನ ಹಣೆಯ ಮೇಲೆ ಮೂಡುವ ಬೆವರು ತಾಯಿಯ ಕಣ್ಣಿಗೆ ಬೀಳುತ್ತಿತ್ತು. ಆ ಮಧ್ಯಾಹ್ನ ಊಟವಾದ ಮೇಲೆ ಎಲೆಗಳನ್ನು ಹರಡಿ, ಪಕ್ಕದ ಮನೆಯ ಹೆಂಗಸೊಬ್ಬರನ್ನೂ ಕರೆದು ನಾವೆಲ್ಲ ಆಡಿದೆವು. ಓದುವುದಕ್ಕೂ ತಂದೆಗೆ ತೊಡಕಾಗಿತ್ತು, ಅದಕ್ಕೆ ಪ್ರತಿ ಎಲೆಯ ಮೂಲೆಯಲ್ಲಿ ಮಗಳು ಸಣ್ಣ ಚಿತ್ರ ಬರೆದಿದ್ದರು. ನಾನೂ ಆ ಹೆಂಗಸೂ ಮಾತು ಖಾಲಿಯಾಗಿ ಕೈಚೆಲ್ಲಿದ ಮೇಲೂ ಮುದುಕರು ಉಳಿದ ಒಂದೆರಡು ಎಲೆಗಳಲ್ಲೇ ಹೊಳೆ ದಾಟಿದರು, ರಾಕ್ಷಸನನ್ನು ಗೂಡಿಗೆ ಅಟ್ಟಿದರು. ದಿನವೂ ಅದೇ ಕೆಲಸವಲ್ಲವೇ ಅವರಿಗೆ. ಗೆದ್ದಾಗ ಸೊಟ್ಟ ಬಾಯಲ್ಲಿ ನಕ್ಕರು. ತಾಯಿ ಅಡಿಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದರು.

ಅಕ್ಕಾರು ಆಟದ ನೇಮಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಹೈದರಾಬಾದಿಗೆ ಕಳಿಸಿದರು. ಉತ್ತರ ಬರುವವರೆಗೆ ದಿನಾ ಮೇಲ್ ನೋಡುವುದು, ಸಂಪರ್ಕ ಕಡಿದರೆ ಮೋಡೆಮ್ಮಿಗೆ ಬೈಯುವುದು, ಕರೆಂಟು ಹೋದರೆ ಗ್ಯಾಲರಿಯಲ್ಲಿ ಶತಪಥ. ಕೊನೆಗೆ ಉತ್ತರ ಬಂತು: ಕಂಪನಿಯ ಒಬ್ಬರು ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಬರುತ್ತಿದ್ದಾರೆ, ಅಲ್ಲಿ ಭೇಟಿಯಾಗಿ ತೋರಿಸಿ. ಅವರು ನನ್ನನ್ನೂ ಎಳೆದುಕೊಂಡು ಹೋದರು.

ಬಂದಿದ್ದವನು ನನಗಿಂತ ಚಿಕ್ಕ ವಯಸ್ಸಿನ, ಸಭ್ಯ ಹುಡುಗ. ಹೋಟೆಲಿನ ಮೇಜಿನ ಮೇಲೆ ಚಹಾದ ಕಪ್ಪು ಸರಿಸಿ ಎಲೆ ಹರಡಿದೆವು. ಅವನಿಗಾಗಿ ಇಂಗ್ಲಿಷ್ ಮಾತುಗಳ ಎಲೆಗಳನ್ನೇ ಬೇರೆ ಮಾಡಿದ್ದರು. ಅವನು ಅಪ್ಪಟ ಆಟಗಾರ. ಬೇಗ ಹಿಡಿದುಕೊಂಡ, ನಕ್ಕ, ಸೋತ, ಮತ್ತೆ ಆಡಿದ. ಇಂಥದ್ದನ್ನು ಎಲ್ಲೂ ನೋಡಿಲ್ಲವೆಂದ. ಅವರ ಕಾಲು ಮೇಜಿನ ಕೆಳಗೆ ಕುಣಿಯುತ್ತಿದ್ದುದು ನನ್ನ ಕುರ್ಚಿಗೂ ತಿಳಿಯುತ್ತಿತ್ತು. ಆಮೇಲೆ ಅವನು ಒಂದೇ ಒಂದು ಬದಲಾವಣೆ ಬೇಕೆಂದ. ಖರ್ಚಾದ ಮಾತು ವಾಪಸು ಬರಬೇಕು. ಮಾಂತ್ರಿಕ ಛತ್ರದಲ್ಲಿ ಮಲಗಲಿ, ಬೆಳಗ್ಗೆ ಏಳುವಾಗ ಎಲ್ಲ ಮಾತೂ ಮೊದಲಿನ ಹಾಗೆ ಇರಲಿ. ಹಾಗಿಲ್ಲದಿದ್ದರೆ ಆಡುವವನು ಕೊನೆಗೆ ಮೂಗನಾಗುತ್ತಾನೆ. ಮೂಗನಾಗಲು ಯಾರು ಆಟ ಕೊಳ್ಳುತ್ತಾರೆ?

"ಆಗೂದಿಲ್ಲ" ಎಂದರು ಅವರು ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ಬೇಸರಪಡದೆ, ಅವಸರವಿಲ್ಲ, ವಿಚಾರ ಮಾಡಿ ತಿಳಿಸಿ, ನೀವು ಹೂಂ ಅಂದರೆ ಕೆಲಸ ಶುರು ಮಾಡುತ್ತೇವೆ ಎಂದು ಕೈ ಮುಗಿದು ಹೋದ.

ವಾಪಸು ಬರುವಾಗ ರೈಲು ಖಾಲಿ ಇತ್ತು. ಅವರು ಬಾಗಿಲಲ್ಲಿ ನಿಂತಿದ್ದರು, ನಾನೂ ಎದ್ದು ಹೋಗಿ ನಿಂತೆ. ಹಾವೇರಿ ಹತ್ತಿರ ಬಂತು. ನಾನು ಇಳಿಯಲು ಬ್ಯಾಗು ಹೆಗಲಿಗೇರಿಸಿದಾಗ ಹೇಳಿದರು: "ಮಲಗಿ ಎದ್ರ ಬರತಾವಂತ. ನಮ್ಮ ಅಪ್ಪಾರು ದಿನಾ ಮಲಗತಾರ ತಂಗಿ. ದಿನಾ ಏಳತಾರ."

ಆಮೇಲಿನ ದಿನಗಳು ಅವರ ಜೊತೆಗಿದ್ದವರಿಗೂ ಕಷ್ಟದವು. ಅವರಿಗೆ ಆ ಆಟ ಕಂಪ್ಯೂಟರಿನಲ್ಲಿ ಓಡಾಡುವುದನ್ನು ನೋಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಯಾವುದನ್ನೂ ಅವರು ಬಯಸಿದ್ದನ್ನು ನಾನು ಕಂಡಿಲ್ಲ. ಆದರೆ ಮಲಗಿದರೆ ಮಾತು ಮರಳುವ ನೇಮಕ್ಕೆ ಅವರ ಕೈ ಏಳುತ್ತಿರಲಿಲ್ಲ. ನೇಮವನ್ನು ದಿನಕ್ಕೊಂದು ರೀತಿ ತಿದ್ದುತ್ತಿದ್ದರು. ಅರ್ಧ ಮಾತುಗಳಷ್ಟೇ ಮರಳಲಿ. ಇಲ್ಲ, ಮಾತು ಮರಳಿದರೂ ಶಕ್ತಿ ಕಡಿಮೆಯಾಗಿರಲಿ. ಇಲ್ಲ, ಅದೂ ಬೇಡ. ಪಾಠದ ನಡುವೆ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಿದ್ದರು. ಹುಡುಗರು ಮಾಲಕರ ಬಳಿ ದೂರು ಒಯ್ದರು. ಮಾಲಕರು ಕರೆದು, "ಮೇಡಂ, ಪರೀಕ್ಷಾ ಹತ್ರ ಬಂದಾವ. ಆಟ ಆಮ್ಯಾಲೆ ಆಡೂನಂತ" ಎಂದರೆ, "ನಾ ಆಡಾಕತ್ತಿಲ್ರಿ" ಎಂದು ಹೊರಬಂದರು. ರೈಲಿನಲ್ಲಿ ಎಲೆ ಹಂಚುವುದು ನಿಂತುಹೋಯಿತು. ಏಜೆಂಟರು ಕೇಳಿ ಕೇಳಿ ಸುಮ್ಮನಾದರು.

ಬೇಸಿಗೆಯಲ್ಲಿ ಅಕ್ಕಾರ ತಂದೆಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ನಾನು ನೋಡಲು ಹೋದಾಗ ಉಳಿದಿದ್ದ ಮಾತುಗಳೂ ಹೋಗಿದ್ದವು. ಬಾಯಿ ತೆರೆಯುತ್ತಿದ್ದರು, ಉಸಿರಷ್ಟೇ ಬರುತ್ತಿತ್ತು. ಮಗಳು ಮಂಚದ ಸುತ್ತ ತಿರುಗುತ್ತ ಕಿಟಕಿ ತೆಗೆಯುವರು, ಮುಚ್ಚುವರು, ದಿಂಬು ಸರಿ ಮಾಡುವರು. ತಾಯಿ ಮಾತ್ರ ಗಂಡನ ತಲೆಯ ಬಳಿ ಕೂತು, ಅವರು ಆಡಬೇಕಿದ್ದ ಮಾತನ್ನೆಲ್ಲ ತಾವೇ ಆಡುತ್ತಿದ್ದರು. "ಸೆಕಿ ಆಗೇತೇನು? ಹೌದು, ಸೆಕಿ ಆಗೇತಿ. ಬೀಸ್ತೇನಿ ತಡೀರಿ." ಈ ಸಲ ಮಗಳು ಬೇಡ ಅನ್ನಲಿಲ್ಲ. ಮೊದಲ ಮಳೆಗೆ ಮುಂಚೆಯೇ ಮುದುಕರು ತೀರಿಕೊಂಡರು.

ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋಗಿದ್ದೆ. ತಾಯಿ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದರು. ಕೈಗೆ ಕೆಲಸ ಬೇಕೆಂದು ಅಂಗಡಿಯಿಂದ ತರಿಸಿಕೊಂಡಿದ್ದರು. ನಾನೂ ಕೂತು ಕೈ ಹಾಕಿದೆ. ಮಗಳು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು.

"ಆ ಹೈದರಾಬಾದಿನವರು ಏನಂದ್ರು ಆಮ್ಯಾಲೆ?" ಎಂದು ತಾಯಿ ಕೇಳಿದರು. ಅವರು ಆ ಆಟದ ಬಗ್ಗೆ ಕೇಳಿದ್ದು ಅದೇ ಮೊದಲು.

ಮಗಳು ನಿಂತು, ಮಲಗಿ ಏಳುವ ವಿಷಯವನ್ನು ಹೇಳಿದರು. "ನಾ ಒಪ್ಪಿಲ್ಲ. ಹೋದ ಮಾತು ಬರೂದಿಲ್ಲಬೇ. ನಾವು ನೋಡೇವಲ್ಲ. ಸುಳ್ಳು ಹೆಂಗ ಬರೀಲಿ?"

ತಾಯಿ ಬಹಳ ಹೊತ್ತು ತೊಟ್ಟು ಬಿಡಿಸಿದರು. ಆಮೇಲೆ ತಲೆ ಎತ್ತದೆ, "ಆ ಆಟ ಆಡೋ ಹುಡುಗ್ರು ನಿನಗೇನು ತಪ್ಪು ಮಾಡ್ಯಾವ?" ಎಂದರು. "ನಿಮ್ಮಪ್ಪನ ಬ್ಯಾನಿ ಅವಕ್ಕ್ಯಾಕ ಹಚ್ಚತಿ? ನಾ ದಿನಾ ಮುಂಜಾನೆ ಎದ್ದ ಕೂಡ್ಲೆ ಅವರ ಬಾಯಿ ನೋಡತಿದ್ದೆ. ಇವತ್ತರ ನನ್ನ ಹೆಸರು ಹಿಡದು ಕರದಾರು ಅಂತ. ಒಂದ ದಿನಾನೂ ಕರೀಲಿಲ್ಲ. ಆಟದಾಗರ ವಾಪಸ್ ಬರ್ಲಿ ಬಿಡವಾ."

ಅಂಗಳದ ಹೆಜ್ಜೆ ಸಪ್ಪಳ ನಿಂತಿತು. ಅವರು ಅಲ್ಲಿಯೇ ಗೋಡೆಗೆ ಕೈ ಕೊಟ್ಟು ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನು ರೈಲಿಗೆ ಹೊರಟಾಗ ಗೇಟಿನ ಹತ್ತಿರ ಎದುರಾದರು, ಕಣ್ಣು ಕೆಂಪಾಗಿತ್ತು. "ಘಾಟು" ಎಂದರು.

ಮರುದಿನ ಕ್ಲಾಸಿನ ಕೆಳಗಿದ್ದ ಎಸ್‌ಟಿಡಿ ಬೂತಿನಿಂದ ಹೈದರಾಬಾದಿಗೆ ಫೋನ್ ಮಾಡಿದರು. ನಾನು ಗಾಜಿನ ಬಾಗಿಲ ಹೊರಗಿದ್ದೆ. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಮಾತಾಡಿದರು. ಹೊರಬಂದು, "ಹೂಂ ಅಂದೆ" ಎಂದರು. "ಮಲಗಿ ಏಳ್ಲಿ ಅಂದೆ." ಆಮೇಲೆ ಕೇಳಿದರು: "ಕನ್ನಡದ ಮಾತು ಹಾಕಾಕ ಬರತೈತೇನು ಅಂತ ಕೇಳೇನಿ. ಅಕ್ಷರ ಮೂಡೂದಿಲ್ಲಂತ, ಚಿತ್ರ ಆದ್ರ ನಡೀತೈತಂತ. ಮಾಡಿ ಕೊಡ್ತಿ?"

ನಾನು ಮಾಡಿಕೊಟ್ಟೆ. ಲಗ್ನಪತ್ರಿಕೆಗೆ ಬಳಸುತ್ತಿದ್ದ ಅಕ್ಷರಗಳಲ್ಲೇ ಒಂದೊಂದು ಮಾತನ್ನೂ ಒಂದೊಂದು ಚಿತ್ರವಾಗಿ ಮಾಡಿದೆ. ಅವರು ಹಿಂದೆ ನಿಂತು ಪರದೆ ಬಡಿಯುತ್ತ, "ಬೆಂಕಿ ಅಷ್ಟು ಸಾದಾ ಇರಬಾರದು" ಎಂದು ತಿದ್ದಿಸಿದರು. ಬಹಳ ದಿನಗಳ ನಂತರ ಅವರ ಹಳೆಯ ಧ್ವನಿ ಕೇಳಿದಂತಾಯಿತು.

ಆ ಕಂಪನಿ ಬಹಳ ಕಾಲ ಬಾಳಲಿಲ್ಲ. ಆಟ ಅಂಗಡಿಗಳಿಗೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಕ್ಲಾಸಿನ ಮಾಲಕರಂತೂ ಅದನ್ನು ಮುಗಿಯದ ಕೆಲಸದ ಲೆಕ್ಕಕ್ಕೇ ಸೇರಿಸಿದ್ದಾರೆ. ಆದರೆ ಕಂಪನಿಯವರು ಬಾಗಿಲು ಮುಚ್ಚುವ ಮೊದಲು, ಆಟದ ಮೊದಲ ಭಾಗವನ್ನು ಪೂರ್ತಿ ಮಾಡಿ ಒಂದು ಸೀಡಿಯಲ್ಲಿ ಕಳಿಸಿದ್ದರು.

ಅದು ಕೊರಿಯರಿನಲ್ಲಿ ಬಂದದ್ದು ಒಂದು ಮಧ್ಯಾಹ್ನ, ಕ್ಲಾಸು ಖಾಲಿ ಇದ್ದಾಗ. ಅವರು ಸೀಡಿ ಹಾಕಿದರು, ನಾನು ಇಂಗ್ಲಿಷ್ ಮಾತುಗಳ ಜಾಗಕ್ಕೆ ನಮ್ಮ ಚಿತ್ರಗಳನ್ನು ಸೇರಿಸಿದೆ. ಪರದೆಯ ಮೇಲೆ ಕೋಲು ಹಿಡಿದ ಮಾಂತ್ರಿಕ ಬಂದ. ಎಡಗಡೆ ಅವನ ಮಾತುಗಳು ಸಾಲಾಗಿ ನಿಂತವು. ಅವರು ಹೊಳೆ ದಾಟಿಸಿದರು, ಕೋಟೆ ತೆರೆಸಿದರು. ಖರ್ಚಾದ ಒಂದೊಂದು ಮಾತೂ ಮಸುಕಾಗಿ ಅಳಿಸಿಹೋಗುತ್ತಿತ್ತು. ಛತ್ರದ ಬಾಗಿಲಿಗೆ ಬರುವಷ್ಟರಲ್ಲಿ ಎಡಗಡೆ ಪೂರ್ತಿ ಖಾಲಿಯಾಗಿತ್ತು. ಮಾಂತ್ರಿಕ ಮಾತಿಲ್ಲದೆ ಕೈ ಮುಗಿದ. ಛತ್ರದ ಮುದುಕಿ ಅವನನ್ನು ಒಳಗೆ ಕರೆದು ಹಾಸಿಗೆ ತೋರಿಸಿದಳು. ಪರದೆ ಕಪ್ಪಾಯಿತು, ನಿಧಾನವಾಗಿ ಬೆಳಕಾಯಿತು. ಮಾಂತ್ರಿಕ ಎದ್ದು ಕೂತ. ಎಡಗಡೆ ಒಂದೊಂದಾಗಿ ಮಾತುಗಳು ಮೂಡತೊಡಗಿದವು, ಎಲ್ಲವೂ ಬರುವವರೆಗೆ.

ಅವರು ಮುಂದಿನ ಊರಿನ ದಾರಿ ಹಿಡಿಯಲಿಲ್ಲ. ಛತ್ರದ ಹಿಂದಿನ ಬಯಲಿಗೆ ಹೋಗಿ, ಎದುರಿಗೆ ಯಾವ ರಾಕ್ಷಸನೂ ಇಲ್ಲದೆ ಎಲ್ಲ ಮಾತುಗಳನ್ನೂ ಗಾಳಿಗೆ ಖರ್ಚು ಮಾಡಿದರು. ಮತ್ತೆ ಛತ್ರಕ್ಕೆ ಬಂದು ಅವನನ್ನು ಮಲಗಿಸಿದರು. ಮತ್ತೆ ಕತ್ತಲು, ಮತ್ತೆ ಬೆಳಕು. ಮಾತು ಬಂದವು. ಮತ್ತೆ ಬಯಲಿಗೆ ಹೋದರು.

ಸಂಜೆಯ ಕ್ಲಾಸಿನ ಹುಡುಗರು ಬಂದು ಬಾಗಿಲಲ್ಲಿ ಗುಂಪಾದರು. ಹೊಸ ಆಟವೆಂದು ತಿಳಿದು ಒಬ್ಬೊಬ್ಬರಾಗಿ ಅವರ ಕುರ್ಚಿಯ ಹಿಂದೆ ಸೇರಿದರು. ಮಾಂತ್ರಿಕ ಮಲಗುವುದನ್ನು, ಏಳುವುದನ್ನು ಒಂದೆರಡು ಸಲ ನೋಡಿದ ಮೇಲೆ ಒಬ್ಬ ಹುಡುಗಿ ತಾಳಲಾರದೆ, "ಮೇಡಂ, ಮುಂದ ಹೋಗೂದಿಲ್ಲೇನ್ರಿ?" ಎಂದು ಕೇಳಿದಳು.

"ಹೋಗೂನು" ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. "ಇನ್ನೊಂದ್ಸಲ ಏಳ್ಲಿ, ನೋಡೂನು."